ದೀಪಸ್ತಂಭದ ಕೇಕು

ಮಹಡಿಯ ಮೇಲೆ ಹೆಂಗಸೊಬ್ಬಳು ಚೀರಿದಾಗ ಅದು ಕಿವಿಗೆ ಬೀಳಲೇ ಇಲ್ಲವೆಂದು ನೀವು ಯಾರ ಮುಂದೆ ಪ್ರಮಾಣ ಮಾಡಬಲ್ಲಿರಿ?

ಬೀದಿಯವರು ಆ ಮಹಡಿಮನೆಯ ಗಂಡ-ಹೆಂಡತಿಗೆ ಕೇಕಿನ ಜೋಡಿ ಎಂದು ಹೆಸರಿಟ್ಟಿದ್ದರು. ಗಂಡನದು ಕನ್ನಡಕದ ಅಂಗಡಿ, ನಗುಮುಖ, ಮೆದುಮಾತು. ಎಲ್ಲಿಗೆ ಪ್ರವಾಸ ಹೊರಟರೂ, ನೋಡಲಿರುವ ಕಟ್ಟಡದ ಆಕಾರದಲ್ಲೇ ಕೇಕು ಬೇಯಿಸಿ ಒಯ್ಯುವುದು ಅವರ ವಾಡಿಕೆ. ಕೋಟೆಯ ಮುಂದೆ ಕೋಟೆಯ ಕೇಕು, ಸೇತುವೆಯ ಮುಂದೆ ಸೇತುವೆಯ ಕೇಕು. ಅವಳು ಎರಡೂ ಕೈಯಲ್ಲಿ ಎತ್ತಿ ಹಿಡಿಯಬೇಕು, ಅವನು ಫೋಟೋ ತೆಗೆಯಬೇಕು. ಪ್ರವಾಸಕ್ಕೆ ಜೊತೆಗೆ ಬಂದ ಬೀದಿಯವರು ಚಪ್ಪಾಳೆ ತಟ್ಟಿ, ತುಂಡು ತಿಂದು, "ಗಂಡ-ಹೆಂಡತಿ ಅಂದ್ರೆ ಹೀಗಿರಬೇಕು" ಎನ್ನುತ್ತಿದ್ದರು. ಕೆಳಗಿನ ಮನೆಯ ದೊಡ್ಡಮ್ಮನಂತೂ ಬೆರಳಿಗಂಟಿದ ಕ್ರೀಮನ್ನೂ ಬಿಡದೆ ಹೊಗಳುತ್ತಿದ್ದರು.

ಈ ಸಲದ್ದು ಸಮುದ್ರದಂಚಿನ ದೀಪಸ್ತಂಭ. ಎತ್ತರದ ಅಚ್ಚಿನಲ್ಲಿ ಹಿಟ್ಟು ಆಗಷ್ಟೇ ಉಬ್ಬುತ್ತಿತ್ತು. ಅವನು ಓವನ್ನಿನ ಬಾಗಿಲಿಗೆ ಕೈ ಹಾಕಿದ.

"ತೆಗೀಬೇಡಿ ರೀ, ಈಗ ತೆಗೆದ್ರೆ ಕೂತುಬಿಡುತ್ತೆ."

"ನೋಡಿದ್ರೆ ಸವೆದು ಹೋಗುತ್ತಾ ನಿನ್ನ ಕೇಕು? ನನಗೇ ಪಾಠ ಹೇಳ್ತಾಳೆ!"

ಬಾಗಿಲು ತೆರೆದ. ತಣ್ಣನೆಯ ಗಾಳಿ ನುಗ್ಗಿತು. ಹೊರಬಂದ ಕೇಕು ಒಂದು ಪಕ್ಕಕ್ಕೆ ಕುಸಿದು ವಾಲಿತ್ತು.

"ಏನೇ ಇದು? ಲೈಟ್ ಹೌಸಾ, ಕುಡಿದು ನಿಂತವನಾ?" ತನ್ನ ಹಾಸ್ಯಕ್ಕೆ ತಾನೇ ನಕ್ಕ.

ಎಂದಿನಂತೆ ಅವಳು ತಲೆ ತಗ್ಗಿಸಲಿಲ್ಲ. "ನೀವು ಬಾಗಿಲು ತೆಗೆದಿದ್ದಕ್ಕೇ ಹೀಗಾಯ್ತು" ಎಂದಳು.

ಅವನು ಮೊದಲು ಅಡುಗೆಮನೆಯ ಕಿಟಕಿ ಮುಚ್ಚಿದ. ಕೋಪದಲ್ಲಿ ಮೈಮರೆತವನು ಕಿಟಕಿ ಮುಚ್ಚುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಆಮೇಲೆ ಅವಳ ಕತ್ತು ಹಿಡಿದು ಹಣೆಯನ್ನು ಕಪಾಟಿನ ಅಂಚಿಗೆ ಅಪ್ಪಳಿಸಿದ; ಎರಡೂ ಅಂಗೈಗಳನ್ನು ಓವನ್ನಿನಿಂದ ತೆಗೆದ ಕಾದ ತಟ್ಟೆಯ ಮೇಲೆ ಒತ್ತಿ ಹಿಡಿದ. ಚರ್ಮ ಚುಯ್ಯೆಂದಿತು. ಬೆಣ್ಣೆ, ಸಕ್ಕರೆಗಳ ಪರಿಮಳದೊಳಗೆ ಮಾಂಸದ ಕಮಟು ಬೆರೆಯಿತು. ಅವಳು ಗಂಟಲು ಹರಿಯುವಂತೆ ಕೂಗಿದಳು. ಕೆಳಗೆ ದೊಡ್ಡಮ್ಮನ ಮನೆಯ ಟಿವಿ ಇದ್ದಕ್ಕಿದ್ದಂತೆ ಜೋರಾಯಿತು. ತನ್ನ ಕೂಗು ಅವರಿಗೆ ಮುಟ್ಟಿದೆಯೆಂದು ಅವಳಿಗೆ ತಿಳಿದದ್ದು ಹಾಗೆ.

ಮುಲಾಮು ಹಚ್ಚಿದವನೂ ಅವನೇ. "ಯಾರಾದ್ರೂ ಕೇಳಿದ್ರೆ?"

"ತಟ್ಟೆ ಜಾರಿತು."

"ಜಾಣೆ. ನಾಳೆ ಲೈಟ್ ಹೌಸ್ ಮೇಲೆ ಹತ್ತಿದಾಗ ಇನ್ನೊಂದು ಸಲ ಎದುರು ಮಾತಾಡು. ಅಲ್ಲಿ ಅಂಚಿನ ಕಂಬಿ ಮೊಣಕಾಲೆತ್ತರ ಅಷ್ಟೇ ಇದೆಯಂತೆ. ಕಾಲು ಜಾರಿತು ಅಂತ ನಾನೂ ಹೇಳ್ತೀನಿ."

ವಾಲಿದ ಕೇಕಿಗೆ ಕ್ರೀಮು ಮೆತ್ತಿ ನೇರ ಮಾಡಿದ. ಅವಳ ಕೈಗೆ ಬಿಳಿಯ ಗ್ಲೌಸು ತೊಡಿಸಿದ.

ಮರುದಿನ ದೀಪಸ್ತಂಭದ ಬುಡದಲ್ಲಿ ಬೀದಿಯವರನ್ನೆಲ್ಲ ಹೊತ್ತ ಬಸ್ಸು ನಿಂತಿತು. "ಏನಮ್ಮ, ಗ್ಲೌಸು ಬೇರೆ! ಮಹಾರಾಣಿಯವರ ಸವಾರಿ!" ಎಂದು ಬೀದಿಯ ದರ್ಜಿ ಚೇಷ್ಟೆ ಮಾಡಿದ. ಎಲ್ಲರೂ ನಕ್ಕರು. ದೊಡ್ಡಮ್ಮ ಅವಳ ಹಣೆಯ ಬಾವನ್ನು ನೋಡಿ ಕಣ್ಣು ತಪ್ಪಿಸಿದರು.

"ಎತ್ತು ಚಿನ್ನ. ಇನ್ನೂ ಮೇಲೆ. ನಗು," ಎಂದು ಗಂಡ ಫೋಟೋಕ್ಕೆ ಸಜ್ಜಾದ.

ಕೇಕಿನ ಭಾರಕ್ಕೆ ಗ್ಲೌಸಿನೊಳಗೆ ಬೊಬ್ಬೆಗಳು ಒಡೆದವು. ಫೋಟೋ ಮುಗಿದರೆ ಮೆಟ್ಟಿಲು. ಮೆಟ್ಟಿಲು ಮುಗಿದರೆ ಆ ಕಂಬಿ. ಅವಳು ಕೇಕನ್ನು ನೆಲಕ್ಕಿಟ್ಟು ಹಲ್ಲಿನಿಂದ ಗ್ಲೌಸು ಕಿತ್ತಳು. ಚರ್ಮದ ಪದರವೂ ಜೊತೆಗೇ ಬಂತು.

"ಇವರೇ ಸುಟ್ಟಿದ್ದು. ಮೇಲಿಂದ ತಳ್ತೀನಿ ಅಂದಿದ್ದಾರೆ. ಇವರ ಜೊತೆ ನನ್ನ ಕಳಿಸಬೇಡಿ."

ದರ್ಜಿ ಸಮುದ್ರ ನೋಡತೊಡಗಿದ. "ಅವರವರ ಮನೆ ವಿಷಯ, ನಮಗ್ಯಾಕೆ?" ಎಂದು ಯಾರೋ ಗೊಣಗಿದರು. "ಮೊದಲು ಕೇಕು ಕತ್ತರಿಸಿ, ಕೋಪ ತಾನೇ ಇಳಿಯುತ್ತೆ" ಎಂದು ಇನ್ಯಾರೋ ನಕ್ಕರು.

"ಬಿಸಿಲಿಗೆ ತಲೆ ಕೆಟ್ಟಿದೆ" ಎನ್ನುತ್ತ ಗಂಡ ಅವಳ ಜಡೆ ಹಿಡಿದು ಮೆಟ್ಟಿಲಿನ ಕಡೆಗೆ ದರದರನೆ ಎಳೆದ. ಅವಳು ಮುಗ್ಗರಿಸಿದಳು; ಮೊದಲ ಮೆಟ್ಟಿಲಿಗೆ ಬಾಯಿ ಬಡಿದು ಹಲ್ಲು ಮುರಿಯಿತು. ರಕ್ತ ಉಗುಳುತ್ತ, ಸುಟ್ಟ ಕೈಗಳಿಂದಲೇ ದೀಪಸ್ತಂಭದ ಕಬ್ಬಿಣದ ಬಾಗಿಲನ್ನು ಅವುಚಿಕೊಂಡಳು. ಅವನು ಬೂಟುಗಾಲಿನಿಂದ ಆ ಬೆರಳುಗಳನ್ನು ತುಳಿದ. ಮತ್ತೆ ತುಳಿದ. ಮೂಳೆ ಲಟಕ್ಕೆಂದದ್ದು ಬಸ್ಸಿನ ಬಳಿ ನಿಂತವರಿಗೂ ಕೇಳಿಸಿತು.

"ಬಿಡೋ ಅವಳನ್ನ, ಪಾಪಿ!"

ದೊಡ್ಡಮ್ಮ ಓಡಿ ಬಂದು ಅವಳ ಮೈಮೇಲೆ ಬಿದ್ದು ಅಡ್ಡವಾದರು. ಮುಂದಿನ ಒದೆ ಅವರ ಪಕ್ಕೆಗೆ ಬಿತ್ತು. "ಒದಿ, ನನ್ನನ್ನೂ ಒದಿ! ಎಲ್ಲಾರೂ ನೋಡ್ತಾ ನಿಂತಿದೀರಲ್ರೋ, ನಿಮಗೇನು ಕೈಯಿಲ್ವಾ?" ಆಗ ದರ್ಜಿ ಬಂದ, ಬಸ್ಸಿನ ಚಾಲಕ ಬಂದ, ಇಷ್ಟು ಹೊತ್ತು ಕಲ್ಲಾಗಿದ್ದವರೆಲ್ಲ ಮೇಲೆ ಬಿದ್ದು ಅವನನ್ನು ನೆಲಕ್ಕೆ ಅದುಮಿ ಹಿಡಿದರು. ಪೊಲೀಸರು ಬರುವವರೆಗೂ ಯಾರೂ ಕೈ ಸಡಿಲಿಸಲಿಲ್ಲ.

ಅವಳು ಬದುಕಿದಳು. ಬಲಗೈಯ ಬೆರಳುಗಳು ಇನ್ನು ಮಡಚುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ದೊಡ್ಡಮ್ಮನನ್ನು ಹೊಗಳುವವರು ಹೊಗಳಲಿ, ನಾನು ಹೊಗಳಲಾರೆ. ಅವರು ಹಿಂದಿನ ದಿನವೇ ಮಹಡಿ ಹತ್ತಿದ್ದರೆ ಆ ಬೆರಳುಗಳು ಉಳಿಯುತ್ತಿದ್ದವು. ಆದ್ದರಿಂದ ಕೈಮುಗಿದು ಕೇಳುತ್ತೇನೆ: ನಿಮ್ಮ ಗೋಡೆಯಾಚೆ ಕೂಗು ಎದ್ದ ಕ್ಷಣವೇ ಎದ್ದು ಹೋಗಿ, ಆ ಮನೆಯ ಬಾಗಿಲು ಬಡಿಯಿರಿ, ತೆರೆಯುವವರೆಗೂ ಬಡಿಯಿರಿ.