ಹಿಂದಿನ ಟೈರು

ಬೈಕಿನ ಹಿಂದಿನ ಟೈರು ಸವೆದುಹೋಗಿದೆ ಎಂದು ಅವಳಿಗೆ ಮೊದಲು ಹೇಳಿದವನು ಪಂಕ್ಚರ್ ಅಂಗಡಿಯವನು. ಬೆಳಗಿನ ಸುತ್ತು ಮುಗಿಸಿ ಲ್ಯಾಬಿಗೆ ಹಿಂತಿರುಗುವಾಗ ದಾರಿಯಲ್ಲಿ ಗಾಳಿ ಇಳಿದಿತ್ತು. ಅವನು ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಎಳೆದು ನಿಲ್ಲಿಸಿ, ಚಕ್ರವನ್ನು ಒಮ್ಮೆ ತಿರುಗಿಸಿ, ಅಂಗೈಯಿಂದ ಸವರಿ ನೋಡಿದ.

“ಅಕ್ಕ, ಇದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು,” ಅಂದ. “ಪೂರ್ತಿ ಬೋಳು. ಪಂಕ್ಚರ್ ಏನೋ ಹಾಕ್ಕೊಡ್ತೀನಿ. ಆದ್ರೆ ಒದ್ದೆ ರೋಡಲ್ಲಿ ಬ್ರೇಕ್ ಹಿಡಿದ್ರೆ ಗಾಡಿ ನಿಲ್ಲಲ್ಲ. ಬೇಗ ಬದಲಾಯ್ಸಿಬಿಡಿ.”

“ಹೊಸದಕ್ಕೆ ಎಷ್ಟಾಗುತ್ತೆ?”

“ನಾನು ಹೊಸದು ಮಾರಲ್ಲ. ಮಾರ್ಕೆಟ್ ಹಿಂದಿನ ಬೀದೀಲಿ ನಾಲ್ಕು ಕಡೆ ವಿಚಾರಿಸಿ. ಸೀದಾ ಒಂದೇ ಕಡೆ ಹೋಗಿ ನಿಂತ್ರೆ, ಟೈರು ಬೋಳಾಗಿದೆ ಅಂತ ನಿಮ್ಮ ತಲೇನೂ ಬೋಳಿಸಿ ಕಳಿಸ್ತಾರೆ.”

ಅವಳಿಗೆ ನಗು ಬಂತು. ನಕ್ಕಾಗ ಗಂಟಲಿನಿಂದ ಹೊರಟ ಸದ್ದು ತನ್ನದಲ್ಲವೇನೋ ಅನ್ನಿಸಿ ಕೆಮ್ಮಿ ಸುಮ್ಮನಾದಳು.

ಅವಳ ಕೆಲಸ ಮನೆ ಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದುಕೊಂಡು ಬರುವುದು. ಬೆಳಗ್ಗೆ ಜನ ಇನ್ನೂ ಖಾಲಿ ಹೊಟ್ಟೆಯಲ್ಲಿ, ಮುಖ ಸಿಂಡರಿಸಿಕೊಂಡು ಕೂತಿರುವ ಹೊತ್ತಿಗೆ ಅವಳು ಬಾಗಿಲು ತಟ್ಟುತ್ತಿದ್ದಳು. ಊಟದ ಮೇಜಿನ ತುದಿ, ಮಂಚದ ಅಂಚು, ಒಗೆದ ಬಟ್ಟೆ ರಾಶಿ ಹಾಕಿದ ಸೋಫಾ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಪೆಟ್ಟಿಗೆ ಬಿಚ್ಚುತ್ತಿದ್ದಳು. ತೋಳಿಗೆ ಪಟ್ಟಿ ಕಟ್ಟಿ, ಬೆರಳಿನಿಂದ ನರ ಹುಡುಕಿ, “ಮುಷ್ಟಿ ಬಿಗಿ ಮಾಡಿ” ಅನ್ನುವಳು. ಸೂಜಿ ಒಳಗೆ ಹೋದ ಮೇಲೆ “ಈಗ ಬಿಡಿ” ಅನ್ನುವಳು. ಅಷ್ಟು ಹೊತ್ತೂ ಎದುರಿಗಿದ್ದವರು ಮುಖವನ್ನು ಆಚೆ ತಿರುಗಿಸಿಕೊಂಡಿರುತ್ತಿದ್ದರು. ಅವರ ತಪ್ಪೇನಿಲ್ಲ, ಸೂಜಿಯನ್ನು ಯಾರು ತಾನೇ ನೋಡುತ್ತಾರೆ. ಆದರೆ ಇಷ್ಟೊಂದು ಜನರ ಕೈ ಹಿಡಿದರೂ ಇವಳ ಮುಖ ನೆನಪಿಟ್ಟುಕೊಂಡವರು ಯಾರೂ ಇರಲಿಲ್ಲ. ಹತ್ತಿಯನ್ನು ಒತ್ತಿ ಹಿಡಿದುಕೊಂಡೇ ಅವರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಬೈಕು ಅವಳ ಗಂಡನದಾಗಿತ್ತು. ಅವನು ಮರದ ಸಾಮಾನಿನ ದೊಡ್ಡ ಮಳಿಗೆಯೊಂದರಲ್ಲಿ ಮಾರಾಟದ ಕೆಲಸದಲ್ಲಿದ್ದ. ಮಂಚ, ಕಪಾಟು ಕೊಳ್ಳಲು ಬಂದವರ ಜೊತೆ ದಿನವಿಡೀ ಚೌಕಾಸಿ ಮಾಡಿಯೂ ಸಂಜೆ ತರಕಾರಿಯವಳ ಜೊತೆ ಮತ್ತೆ ಉತ್ಸಾಹದಿಂದ ಶುರು ಮಾಡುತ್ತಿದ್ದ. ಕೆಲವು ವರ್ಷಗಳ ಹಿಂದೆ ಗಂಡ ಹೆಂಡತಿ ಬೇರೆಯಾದರು. ಕೂಗಾಟ, ಜಗಳ ಏನೂ ಆಗಲಿಲ್ಲ. ಬೇರೊಬ್ಬಳು ಇದ್ದಾಳೆ ಎಂದು ಅವನೇ ಒಂದು ದಿನ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೇಳಿದ. ಇವಳು ಒಲೆ ಆರಿಸಿದಳು. ಆಮೇಲೆ ನಡೆದದ್ದೆಲ್ಲ ಕಾಗದ, ಸಹಿ, ಸಾಮಾನು ಹಂಚಿಕೆ. ಬೈಕನ್ನು ಅವನು ಕೇಳಲಿಲ್ಲ. “ಇಟ್ಕೋ, ನಿಂಗೆ ಕೆಲಸಕ್ಕೆ ಬೇಕಾಗುತ್ತೆ” ಅಂದ. ಹೋಗುವ ಮೊದಲು ಸರ್ವಿಸ್ ಮಾಡಿಸಿ, ಹಿಂದಿನ ಟೈರು ಹೊಸದು ಹಾಕಿಸಿ ಕೊಟ್ಟ. ಅಲ್ಲಿಯವರೆಗೆ ಹಿಂದಿನ ಸೀಟಿನಲ್ಲಿ ಕೂತು ಅಭ್ಯಾಸವಿದ್ದವಳು ರಜೆಯ ದಿನಗಳಲ್ಲಿ ಲ್ಯಾಬಿನ ಹಿಂದಿನ ಖಾಲಿ ಜಾಗದಲ್ಲಿ ಬಿದ್ದು ಎದ್ದು ಓಡಿಸಲು ಕಲಿತಳು. ಈಗ ಸವೆದಿದ್ದದ್ದು ಅದೇ ಟೈರು.

ಪಂಕ್ಚರಿನವನು ಹೇಳಿದಂತೆ ಅವಳು ಮಾರ್ಕೆಟ್ ಹಿಂದಿನ ಬೀದಿಗೆ ಹೋದಳು. ಬೀದಿಗೆ ಬೀದಿಯೇ ರಬ್ಬರಿನ ವಾಸನೆ. ಮೊದಲ ಅಂಗಡಿಗೆ ಗಾಜಿನ ಬಾಗಿಲಿತ್ತು. ಒಳಗೆ ಟೈರುಗಳನ್ನು ಬಳೆ ಜೋಡಿಸಿದಂತೆ ಕಂಬಿಗೆ ಏರಿಸಿದ್ದರು. ಅಲ್ಲಿಯ ಹುಡುಗಿ ಕಂಪ್ಯೂಟರ್ ನೋಡಿಕೊಂಡೇ ಬೆಲೆ ಹೇಳಿದಳು. ಎರಡನೆಯದನ್ನು ಅಣ್ಣ ತಮ್ಮ ಇಬ್ಬರು ನಡೆಸುತ್ತಿದ್ದರು. ಅಣ್ಣ ಒಂದು ಬೆಲೆ ಹೇಳಿದರೆ ತಮ್ಮ ಒಳಗಿನಿಂದ “ಅದು ಹಳೇ ರೇಟು” ಎಂದು ಕೂಗಿದ. ಆಮೇಲೆ ಇವಳನ್ನು ಮರೆತು ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದರು. ಅವಳು ಅದನ್ನು ನೋಡುತ್ತಾ ಬೇಕೆಂದೇ ಸ್ವಲ್ಪ ಹೊತ್ತು ನಿಂತಳು.

ಮೂರನೆಯ ಅಂಗಡಿಯವನು ದಪ್ಪ ಕನ್ನಡಕದ, ಸಾವಧಾನದ ಮನುಷ್ಯ. ಟೈರಿಗೆ ಇಷ್ಟು, ಟ್ಯೂಬಿಗೆ ಇಷ್ಟು, ಹಾಕುವ ಕೂಲಿ ಇಷ್ಟು, ಹಳೆಯದನ್ನು ಇಲ್ಲೇ ಬಿಟ್ಟರೆ ಇಷ್ಟು ಕಡಿಮೆ ಎಂದು ಬಿಡಿಸಿ ಹೇಳಿದ. ಮೂರು ಕಡೆಯ ಬೆಲೆಯೂ ಹೆಚ್ಚುಕಡಿಮೆ ಒಂದೇ. ಇವನದು ತುಸು ಕಡಿಮೆಯೇ.

“ಸರಿಯಾದ ಬೆಲೆನೇ ಹೇಳಿದೀರಿ,” ಅಂದಳು ಅವಳು.

“ಹಾಗಾದ್ರೆ ಗಾಡಿ ಈ ಕಡೆ ತಿರುಗ್ಸಿ. ಒಂದು ಗಳಿಗೆ ಕೆಲಸ.”

“ಮನೇಲಿ ಕೇಳಿ ಹೇಳ್ತೀನಿ.”

ಮನೆಯಲ್ಲಿ ಕೇಳಲು ಯಾರೂ ಇರಲಿಲ್ಲ. ಆ ಮಾತು ತಾನಾಗಿ ಬಾಯಿಗೆ ಬಂದಿತ್ತು. ಬೀದಿಯ ಕೊನೆ ಮುಟ್ಟುವವರೆಗೂ ಅದು ಅವಳಿಗೆ ಇರಿಸುಮುರಿಸು ಮಾಡಿತು.

ಸಂಜೆ ಅವಳು ಮಹಡಿಯ ಮೇಲಿನ ತನ್ನ ಎರಡು ಕೋಣೆಯ ಮನೆಯಲ್ಲಿ, ಒಗೆದ ಬಿಳಿ ಕೋಟನ್ನು ಕುರ್ಚಿಯ ಬೆನ್ನಿಗೆ ಹರಡಿ, ಬಹಳ ಹೊತ್ತು ಫೋನನ್ನು ಕೈಯಲ್ಲಿ ಹಿಡಿದು ಕೂತಳು. ಕೊನೆಗೆ ಬಿಟ್ಟುಹೋದ ಗಂಡನ ಸಂಖ್ಯೆ ಒತ್ತಿದಳು. ಅವನು ಎತ್ತಿಕೊಂಡ ಮೇಲೆ ಏನೆಂದು ಕರೆಯಬೇಕೋ ತಿಳಿಯಲಿಲ್ಲ. ‘ರೀ’ ಅನ್ನುವ ಹಾಗಿಲ್ಲ; ಹೆಸರು ಹಿಡಿದು ಕರೆದು ರೂಢಿಯಿಲ್ಲ.

“ನಾನು,” ಅಂದಳು.

“ಗೊತ್ತಾಯ್ತು. ಏನು, ಹುಷಾರಾಗಿದೀಯಾ?” ಅವನ ಹಿಂದೆ ಮಗುವೊಂದು ಒಂದೇ ಸಮನೆ ರಾಗ ಎಳೆಯುತ್ತಿತ್ತು.

“ಹುಷಾರಾಗಿದೀನಿ. ಬೈಕಿನ ಹಿಂದಿನ ಟೈರು ಹೋಗಿದೆ. ಎಷ್ಟು ಕೊಡಬಹುದು ಅಂತ ಕೇಳೋಣ ಅನ್ನಿಸ್ತು. ನಂಗೆ ಅದೆಲ್ಲ ತಿಳಿಯಲ್ಲ.”

“ಎಲ್ಲಾದ್ರೂ ವಿಚಾರಿಸ್ದೆಯಾ?”

“ಇಲ್ಲ,” ಅಂದಳು. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಅವನು ಒಂದು ಬೆಲೆ ಹೇಳಿದ. ಅದು ಎಂದೋ ಇದ್ದ ಬೆಲೆ. ಅವಳು ತಿದ್ದಲಿಲ್ಲ. ಆಮೇಲೆ ಅವನೇ, “ಒಬ್ಬಳೇ ಹೋಗ್ಬೇಡ, ಟೋಪಿ ಹಾಕ್ತಾರೆ. ಶನಿವಾರ ಮಧ್ಯಾಹ್ನ ನಾನೇ ಬರ್ತೀನಿ,” ಅಂದ.

ಶನಿವಾರದವರೆಗೆ ಅವಳು ದಿನವೂ ತಿರುವುಗಳಲ್ಲಿ ಬಹಳ ಎಚ್ಚರದಿಂದ, ಕಾಲು ಕೆಳಗಿಟ್ಟುಕೊಂಡೇ ಗಾಡಿ ಓಡಿಸಿದಳು. ಶನಿವಾರ ಬೆಳಗ್ಗೆ ಕಪಾಟಿನಲ್ಲಿದ್ದ ಎರಡು ಒಳ್ಳೆಯ ಉಡುಪುಗಳನ್ನು ಹೊರಗೆ ತೆಗೆದು, ನೋಡಿ, ಮತ್ತೆ ಒಳಗಿಟ್ಟು, ದಿನಾ ಹಾಕುವುದನ್ನೇ ಹಾಕಿಕೊಂಡಳು.

ಅವನು ಮಾರ್ಕೆಟ್ಟಿನ ಮುಂದೆ ಕಾರು ನಿಲ್ಲಿಸಿ ಕಾಯುತ್ತಿದ್ದ. ಕೂದಲು ತೆಳ್ಳಗಾಗಿತ್ತು, ನಿದ್ದೆಗೆಟ್ಟು ಕಣ್ಣ ಕೆಳಗೆ ಕಪ್ಪಾಗಿತ್ತು. ಅಂಗಿಯ ಭುಜದ ಮೇಲೆ ಹಾಲಿನ ಕಲೆ ಒಣಗಿತ್ತು. ಅದು ಅವನ ಗಮನಕ್ಕೆ ಬಂದಿರಲಿಲ್ಲ. ಅವಳು ನೋಡಿಯೂ ಹೇಳಲಿಲ್ಲ. ಅದನ್ನು ಹೇಳುವ ಅಧಿಕಾರ ಈಗ ತನ್ನದಲ್ಲ ಅನ್ನಿಸಿತು.

“ಗಾಜಿನ ಬಾಗಿಲಿನ ಅಂಗಡಿ ಒಂದಿದೆ,” ಅಂದಳು.

“ಆ ಗಾಜಿನ ಖರ್ಚೂ ನಮ್ಮ ತಲೆ ಮೇಲೇ ಬರುತ್ತೆ. ಬಾ, ನಂಗೊಬ್ಬ ಗೊತ್ತು,” ಎಂದು ಅವನು ಮುಂದೆ ನಡೆದ. ಅವಳು ಗಾಡಿ ತಳ್ಳಿಕೊಂಡು ಹಿಂದೆ ಹೋದಳು. ಅವನು ನಿಂತದ್ದು ಕನ್ನಡಕದವನ ಅಂಗಡಿಯ ಮುಂದೆಯೇ. ಬೇರೆ ಕಡೆ ಹೋಗೋಣ ಎಂದು ಅವಳು ಹೇಳುವಷ್ಟರಲ್ಲಿ ಅವನಾಗಲೇ ಒಳಗೆ ಕಾಲಿಟ್ಟು ಟೈರುಗಳನ್ನು ಬೆರಳಿನಿಂದ ಒತ್ತಿ ನೋಡಲು ತೊಡಗಿದ್ದ.

ಆಮೇಲೆ ನಡೆದದ್ದನ್ನು ಅವಳು ಬಾಗಿಲ ಬಳಿ ನಿಂತು ನೋಡಿದಳು. ಬೆಲೆ ಕೇಳಿದ ಕೂಡಲೇ ಅವನು ಹುಬ್ಬೇರಿಸಿದ. ನಕ್ಕ. ಟೈರನ್ನು ಗೋಡೆಗೆ ಒರಗಿಸಿಟ್ಟು ಹೊರಡುವವನಂತೆ ಎರಡು ಹೆಜ್ಜೆ ಹಾಕಿದ, ತಿರುಗಿ ಬಂದ. “ಟೈರಿನ ಬೆಲೆ ಕೇಳಿದ್ರೆ ಇಡೀ ಅಂಗಡಿ ಬೆಲೆ ಹೇಳ್ತೀರಲ್ಲ,” ಅಂದ. ಈ ಆಟವೆಲ್ಲ ಅವಳಿಗೆ ಬಾಯಿಪಾಠ. ಮದುವೆಯಾದ ಹೊಸದರಲ್ಲಿ ನಾಚಿಕೆಯಿಂದ ಅಂಗಿಯ ತೋಳು ಹಿಡಿದು ಎಳೆಯುತ್ತಿದ್ದಳು. ಈಗ ಅವನು ಬೇಗ ಮುಗಿಸದಿರಲಿ ಎಂದುಕೊಂಡಳು.

ಕನ್ನಡಕದವನು ತಾಳ್ಮೆ ಕಳೆದುಕೊಳ್ಳಲಿಲ್ಲ. “ಸಾರ್, ನೀವು ಎಷ್ಟು ಜಗ್ಗಿದ್ರೂ ಇದಕ್ಕಿಂತ ಕೆಳಗೆ ಬರಲ್ಲ. ಮೊನ್ನೆ ಅಕ್ಕಂಗೂ ಇದೇ ಹೇಳಿದ್ದೆ. ಸರಿಯಾದ ಬೆಲೆ ಅಂತ ಅವರೇ ಒಪ್ಕೊಂಡ್ರು, ಮನೇಲಿ ಕೇಳ್ತೀನಿ ಅಂತ ಹೋದ್ರು. ಅಲ್ವಾ ಅಕ್ಕ?”

ಅವಳ ಕಿವಿ ಬಿಸಿಯಾಯಿತು. ಅವನು ಅವಳ ಕಡೆ ಒಮ್ಮೆ ನೋಡಿದ. ಕೋಪವಿರಲಿಲ್ಲ, ಗೊತ್ತಿದ್ದ ಮನೆಯ ಮೆಟ್ಟಿಲಲ್ಲಿ ಎಡವಿದವನ ಮುಖ ಅದು. ಮರುಗಳಿಗೆಯೇ ಅಂಗಡಿಯವನ ಕಡೆ ತಿರುಗಿ, ಏನೂ ಕೇಳಿಸದವನಂತೆ, “ಹಾಗಾದ್ರೆ ಹಾಕೋ ಕೂಲಿ ಬಿಟ್ಬಿಡಿ,” ಅಂದ.

“ಹೋಗ್ಲಿ, ಯಜಮಾನ್ರೇ ಬಂದು ಕೇಳಿದಾರೆ. ಬಿಟ್ಟೆ.”

ಯಜಮಾನರು ಅನ್ನುವ ಮಾತನ್ನು ಇಬ್ಬರೂ ತಿದ್ದಲಿಲ್ಲ.

ಅಂಗಡಿಯವನು ಚಕ್ರ ಬಿಚ್ಚಿ, ಕಬ್ಬಿಣದ ಪಟ್ಟಿಯಿಂದ ಹಳೆಯ ಟೈರನ್ನು ರಿಮ್ಮಿನಿಂದ ಮೀಟಿ ತೆಗೆಯಲು ಶುರು ಮಾಡಿದ. ಇವರಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು.

“ನಿಂಗೆ ಬೆಲೆ ಗೊತ್ತಿತ್ತು,” ಅಂದ ಅವನು.

“ಹೂಂ.”

“ಮತ್ತೆ ಯಾಕೆ?”

ಅವಳು ಎದುರಿನ ಅಂಗಡಿಯ ಮುಚ್ಚಿದ ಶಟರನ್ನು ನೋಡುತ್ತಾ ಹೇಳಿದಳು. “ಯಾರ ಜೊತೆಗಾದ್ರೂ ಅಂಗಡಿಗೆ ಹೋಗ್ಬೇಕು ಅನ್ನಿಸ್ತು. ಯಾರ ಜೊತೆ ಅಂತ ಯೋಚಿಸಿದೆ. ಬೇರೆ ಯಾರೂ ನೆನಪಿಗೆ ಬರ್ಲಿಲ್ಲ.”

ಅವನು ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ಒಳಗೆ ಕಬ್ಬಿಣ ಕಬ್ಬಿಣಕ್ಕೆ ತಗಲುವ ಸದ್ದು. “ಮನೇಲಿ ಹೇಳಿ ಬಂದಿಲ್ಲ ನಾನು. ಮಗುಗೆ ಸಾಮಾನು ತರ್ತೀನಿ ಅಂತ ಹೊರಟೆ.”

“ಹಾಗಾದ್ರೆ ಸಾಮಾನು ತಗೊಳ್ಳೋದು ಮರೀಬೇಡಿ.”

ಅವನು ನಗಲು ನೋಡಿದ, ಆಗಲಿಲ್ಲ. “ನೀನು ಮತ್ತೆ ಫೋನ್ ಮಾಡಿದ್ರೂ ನಾನು ಬರ್ತೀನಿ. ಬರಲ್ಲ ಅಂತ ನಿಂಗೆ ಹೇಳೋಕೆ ನನ್ನ ಕೈಲಿ ಆಗಲ್ಲ. ಅದಕ್ಕೇ...”

“ಮಾಡಲ್ಲ,” ಅಂದಳು ಅವಳು.

ಹೇಳಿದ ಮೇಲೆ ಅದು ನಿಜವೆಂದು ಅವಳಿಗೆ ಅರ್ಥವಾಯಿತು. ಅಳು ಬರಲಿಲ್ಲ. ಆಮೇಲೆ ಅವನು ಮಗುವಿನ ಹಲ್ಲಿನ ಬಗ್ಗೆ ಸ್ವಲ್ಪ ಹೇಳಿದ. ರಾತ್ರಿಯೆಲ್ಲ ಅಳುತ್ತದಂತೆ, ಬೆರಳು ಸಿಕ್ಕಿದರೆ ಕಚ್ಚುತ್ತದಂತೆ. ಅವಳು ಹೂಂಗುಟ್ಟುತ್ತಾ ಕೇಳಿಸಿಕೊಂಡಳು. ಒಂದೆರಡು ಕಡೆ ಪ್ರಶ್ನೆಯನ್ನೂ ಕೇಳಿದಳು. ಮಗುವಿನ ಹೆಸರನ್ನು ಮಾತ್ರ ಕೇಳಲಿಲ್ಲ.

ಕೆಲಸ ಮುಗಿದಾಗ ಅವನು ದುಡ್ಡಿಗೆ ಜೇಬಿಗೆ ಕೈ ಹಾಕಿದ. ಅವಳು ತಲೆ ಅಲ್ಲಾಡಿಸಿ ತಾನೇ ಕೊಟ್ಟಳು. ಕೂಲಿಯನ್ನೂ ಸೇರಿಸಿ, ಮೊನ್ನೆ ಅಂಗಡಿಯವನು ಹೇಳಿದ್ದ ಪೂರ್ತಿ ಬೆಲೆಯನ್ನೇ ಕೊಟ್ಟಳು. ಅಂಗಡಿಯವನು ಒಮ್ಮೆ ಅವಳನ್ನೂ ಒಮ್ಮೆ ಅವನನ್ನೂ ನೋಡಿ, ಕೇಳುವುದು ಬೇಡವೆಂದು ತೀರ್ಮಾನಿಸಿದವನಂತೆ ದುಡ್ಡನ್ನು ಗಲ್ಲಾಪೆಟ್ಟಿಗೆಗೆ ಹಾಕಿದ.

“ಮೊದ್ಲು ಒಂದೆರಡು ದಿನ ನಿಧಾನ ಅಕ್ಕ. ಹೊಸ ರಬ್ಬರು ಜಾರುತ್ತೆ. ಓಡ್ತಾ ಓಡ್ತಾ ಹಿಡಿತ ಬರುತ್ತೆ.”

“ಬರ್ತೀನಿ,” ಅಂದ ಅವನು. ಅದು ಹೊರಡುವಾಗ ಎಲ್ಲರೂ ಹೇಳುವ ಮಾತು. ಅವಳೂ “ಹೂಂ, ಬನ್ನಿ” ಅಂದಳು. ಅವನು ರಸ್ತೆ ದಾಟಿ ಕಾರಿನವರೆಗೆ ಹೋಗಿ, ನಿಂತು, ಏನೋ ನೆನಪಾದವನಂತೆ ಪಕ್ಕದ ಔಷಧಿ ಅಂಗಡಿಗೆ ಹೊಕ್ಕು, ಮಕ್ಕಳ ಸಾಮಾನಿನ ಚೀಲ ಹಿಡಿದು ಹೊರಬಂದ. ಅವಳು ಅಲ್ಲಿಯವರೆಗೆ ನೋಡಿ ಗಾಡಿ ಶುರು ಮಾಡಿದಳು.

ನೇರ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಊರ ಹೊರಗಿನ ಅಗಲ ರಸ್ತೆಗೆ ಗಾಡಿ ತಿರುಗಿಸಿದಳು. ಗೋದಾಮುಗಳ ಉದ್ದನೆಯ ಗೋಡೆಗಳ ಪಕ್ಕದಲ್ಲಿ ನಿಧಾನವಾಗಿ ಓಡಿಸಿದಳು. ಹೊಸ ಟೈರಿನ ಸದ್ದು ಬೇರೆಯಾಗಿತ್ತು, ದಪ್ಪಗೆ, ಗುಂಯ್ ಎಂದು. ತಿರುವಿನಲ್ಲಿ ಒಮ್ಮೆ ಹಿಂಭಾಗ ತುಸು ಜಾರಿ ಎದೆ ಧಸಕ್ಕೆಂದಿತು. ಗಾಡಿ ತಾನಾಗಿ ಸರಿಹೋಯಿತು. ಅಲ್ಲಿಂದ ಮುಂದೆ ಹೆದರಲಿಲ್ಲ. ಬಿಸಿಲು ಇಳಿಯುವವರೆಗೆ ಆ ರಸ್ತೆಯ ಆ ತುದಿಯಿಂದ ಈ ತುದಿಗೆ ಓಡಿಸಿದಳು. ತನ್ನನ್ನು ಯಾರೂ ಕಾಯುತ್ತಿಲ್ಲ ಎನ್ನುವುದು ಅವಳಿಗೆ ಹೊಸ ವಿಷಯವಲ್ಲ. ಆದರೆ ತಾನೂ ಯಾರನ್ನೂ ಕಾಯುತ್ತಿಲ್ಲ ಎನ್ನುವುದು ಆ ದಿನ ಹೊಸದಾಗಿತ್ತು.

ಹಿಂತಿರುಗುವಾಗ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಸ್ಕೂಟರಿನಲ್ಲಿ ಬಂದು ನಿಂತ ಹೆಂಗಸೊಬ್ಬಳು ಬಗ್ಗಿ ಅವಳ ಹಿಂದಿನ ಚಕ್ರವನ್ನು ನೋಡಿದಳು.

“ಈಗ ತಾನೇ ಹಾಕಿಸಿದ್ರಾ? ಹೊಸ ರಬ್ಬರಿನ ಮೇಲಿರೋ ಕೂದಲೂ ಸವೆದಿಲ್ಲ ಇನ್ನೂ. ನಂದೂ ಹೋಗಿದೆ, ಎಲ್ಲಿ ಕೇಳೋದು ಅಂತ ಗೊತ್ತಾಗ್ತಿಲ್ಲ. ಎಷ್ಟಾಯ್ತು?”

ಅವಳು ಹೇಳಿದಳು. ಬೀದಿ ಯಾವುದು, ಅಂಗಡಿ ಎಲ್ಲಿ ಬರುತ್ತದೆ, ಕನ್ನಡಕದವನನ್ನು ಹೇಗೆ ಗುರುತು ಹಿಡಿಯುವುದು, ಹಳೆಯದನ್ನು ಅಲ್ಲೇ ಬಿಟ್ಟರೆ ಎಷ್ಟು ಕಡಿಮೆಯಾಗುತ್ತದೆ, ಎಲ್ಲವನ್ನೂ ಬಿಡಿಸಿ ಹೇಳಿದಳು. “ಒಬ್ಬರೇ ಹೋಗೋಕೆ ಬೇಜಾರಾದ್ರೆ ಹೇಳಿ, ನಾನೂ ಬರ್ತೀನಿ,” ಎಂದೂ ಅಂದಳು.

“ಅಯ್ಯೋ, ನಿಮಗ್ಯಾಕೆ ತೊಂದ್ರೆ. ಇಷ್ಟು ಹೇಳಿದ್ರಲ್ಲ, ಸಾಕು,” ಎಂದು ಆಕೆ ಅವಳ ಮುಖ ನೋಡಿ ನಕ್ಕಳು. ಸಿಗ್ನಲ್ ಬಿಟ್ಟಿತು. ಸ್ಕೂಟರು ಎಡಕ್ಕೆ ಹೊರಳಿತು. ಅವಳು ನೇರ ಹೋದಳು.