ವಾಲ್ಡ್‌ನರ್‌ಗೆ ಒನ್ಸ್ ಮೋರ್

ಮುಳಬಾಗಿಲಿನ ಸುತ್ತ ಹತ್ತೂರಿನಲ್ಲಿ ಖಳನ ಪಾತ್ರವೆಂದರೆ ಚಂದ್ರಶೇಖರನದೇ. ಹಗಲು ಸರ್ಕಾರಿ ಕಚೇರಿಯೊಂದರ ಗುಮಾಸ್ತ, ಬಣ್ಣ ಹಚ್ಚಿದರೆ ದುರ್ಯೋಧನ. ಹೆಂಡತಿ ರಾಧಮ್ಮನ ಎದುರು ಕೆಮ್ಮಲೂ ಅಂಜುವ ಈ ಪುಣ್ಯಾತ್ಮ ಗದೆ ಎತ್ತಿದರೆ ಮುಂದಿನ ಸಾಲಿನ ಮಕ್ಕಳು ಅಳುತ್ತಿದ್ದವು. ಆದರೆ ಎಪ್ಪತ್ತೊಂಬತ್ತನೇ ಇಸವಿಯಲ್ಲಿ, ನಾಟಕ ಬರೆದು ಆಡಿಸುವ ಸುಬ್ರಹ್ಮಣ್ಯ ಮೇಷ್ಟ್ರು ಕೊಟ್ಟ ಪಾತ್ರ ಕೇಳಿ ಅವನಿಗೇ ತಳಮಳ ಶುರುವಾಯಿತು.

ಮೇಷ್ಟ್ರು ಪತ್ರಿಕೆಯಲ್ಲಿ ಜರ್ಮನಿಯ ಸುದ್ದಿ ಓದಿದ್ದರು. ಹಿಟ್ಲರನ ಕಾಲದ ಸಾವಿನ ಶಿಬಿರಗಳ ಅಧಿಕಾರಿಗಳನ್ನು ಮೂವತ್ತು ವರ್ಷದ ಮೇಲೂ ಹುಡುಕಿ ಕಟಕಟೆ ಹತ್ತಿಸುತ್ತಿದ್ದರಂತೆ. ಅದನ್ನೇ ನಾಟಕ ಮಾಡಿ, ವಾಲ್ಡ್‌ನರ್ ಎಂಬವನನ್ನು ತಾವೇ ಹುಟ್ಟಿಸಿದರು. ಈ ವಾಲ್ಡ್‌ನರ್ ಮೊದಲು ಪಟ್ಟಿ ಬರೆಯುವ ಗುಮಾಸ್ತ. ಅಕ್ಷರ ದುಂಡಗಿದ್ದದ್ದಕ್ಕೆ ಬಡ್ತಿ ಸಿಕ್ಕಿ ಶಿಬಿರಾಧಿಕಾರಿ. ಯುದ್ಧ ಸೋತ ಮೇಲೆ ಹೆಸರು ಬದಲಿಸಿಕೊಂಡು ಗಡಿಯಾರ ರಿಪೇರಿ. ಕೊನೆಗೆ ಸಿಕ್ಕಿಬಿದ್ದು, "ಮೇಲಿನವರ ಅಪ್ಪಣೆ, ನಾನೇನು ಮಾಡಲಿ?" ಎನ್ನುತ್ತಾನೆ.

ಈ ಮಾತನ್ನು ಚಂದ್ರಶೇಖರ ಬಾಯಿಪಾಠ ಮಾಡುವ ಅಗತ್ಯವೇ ಇರಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ, ಮಕ್ಕಳಾಗದಂತೆ ಆಪರೇಷನ್ ಮಾಡುವ ಕ್ಯಾಂಪಿಗೆ ಇಷ್ಟು ಗಂಡಸರು ಬೇಕೇ ಬೇಕು ಎಂದು ಮೇಲಿನಿಂದ ಬಂದಾಗ ಪಟ್ಟಿ ಬರೆದವನು ಅವನು. ಒಂದು ಹೆಸರು ಕಮ್ಮಿ ಬಿತ್ತು. ಮದುವೆಯಾಗಿ ಎರಡೇ ವರ್ಷವಾಗಿದ್ದ, ಇನ್ನೂ ಮಕ್ಕಳಿಲ್ಲದ ನಂಗಲಿಯ ಆಂಜಿನಪ್ಪನ ಹೆಸರು ಸೇರಿಸಿದ. ಜೀಪು ಬಂದು ಎತ್ತಿಕೊಂಡು ಹೋಯಿತು. ಆಮೇಲೆ ವಿಚಾರಣೆ ನಡೆದಾಗ ಇದೇ ಮಾತು ಹೇಳಿ ಪಾರಾದ. ಹೆಸರು ಬರೆದವನು ಯಾರೆಂದು ಆಂಜಿನಪ್ಪನ ಹೆಂಡತಿ ಮುನಿಯಲ್ಲಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಏನು ಗತಿ ಎಂದು ಇವನು ನಂಗಲಿಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಈಗ ನೋಡಿದರೆ ನಾಟಕ ನಂಗಲಿಯಲ್ಲೇ!

"ಬೇರೆ ಯಾರಿಗಾದ್ರೂ ಕೊಡಿ ಮೇಷ್ಟ್ರೇ, ನಂಗೆ ಗಂಟಲು ಸರಿಯಿಲ್ಲ," ಎಂದ.

"ನಿನ್ನ ಮುಖದಲ್ಲೇ ಆ ಕಳೆ ಇದೆ ಕಣೋ," ಎಂದರು ಮೇಷ್ಟ್ರು.

ಹಾರ್ಮೋನಿಯಂ ಶ್ರೀನಿವಾಸಪ್ಪನದು ಇನ್ನೊಂದು ಹಟ. "ಹಾಡಿಲ್ದೆ ವಿಲನ್ ಬಂದ್ರೆ ಜನ ಬೀಡಿ ಸೇದಕ್ಕೆ ಎದ್ದೋಗ್ತಾರೆ ಸಾರ್. ಜರ್ಮನಿಯೋನಾದ್ರೇನು, ಹಾಡ್ಲಿ!" ಮೇಷ್ಟ್ರು ತಲೆ ಚಚ್ಚಿಕೊಂಡರು. "ಮೇಲಿನವರ ಅಪ್ಪಣೆ" ಎಂಬ ಪಲ್ಲವಿಗೆ ಕುಣಿಯುವಂಥ ತಾಳ ಬಿತ್ತು.

ಕರೆಂಟನ್ನು ನಂಬದೆ ಭಾನುವಾರ ಮಧ್ಯಾಹ್ನ ಮೂರಕ್ಕೇ ಆಟ. ಮೈಮೇಲೆ ಬಸ್ ಕಂಡಕ್ಟರನ ಖಾಕಿ, ಕಾಲಿಗೆ ಎರಡು ನಂಬರು ದೊಡ್ಡದಾದ ಹೋಂಗಾರ್ಡ್ ಬೂಟು. ವಾಲ್ಡ್‌ನರ್ ಕಟಕಟೆಯಲ್ಲಿ ನಿಂತು ಹಾಡಿದ್ದೇ ತಡ, ಲಾರಿ ಕ್ಲೀನರುಗಳು ಶಿಳ್ಳೆ ಹೊಡೆದು ಇಂಗ್ಲಿಷು, ತೆಲುಗು ಎರಡರಲ್ಲೂ ಕೂಗಿದರು. "ಒನ್ಸ್ ಮೋರ್! ಇಂಕೊಕ್ಕ ಸಾರಿ!" ನ್ಯಾಯಾಧೀಶರ ವೇಷದಲ್ಲಿದ್ದ ಮೇಷ್ಟ್ರ ಮುಖ ಹುಳ್ಳಗಾಯಿತು. ಸಾವಿರಾರು ಜನರನ್ನು ಕೊಂದವನಿಗೆ ಚಪ್ಪಾಳೆಯೇ! ಚಂದ್ರಶೇಖರ ಎರಡನೇ ಸಲ ಹಾಡಿದ. ಮೂರನೆಯದಕ್ಕೆ ಕೂಗೆದ್ದಾಗ ನಾಚಿಕೆಯಿಂದ ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡ.

ಆಗ ಹೆಂಗಸರ ಕಡೆಯಿಂದ ಮುನಿಯಲ್ಲಮ್ಮ ಎದ್ದು ನಿಂತಳು.

"ಮೇಲ್ನೋರು ಹೇಳುದ್ರು, ಸರಿ ಸಾಮಿ. ಮೇಲ್ನೋರಿಗೆ ಊರಾಗಿನ ಜನದ ಹೆಸರು ಹೆಂಗೆ ಗೊತ್ತು? ಬರ್ಕೊಟ್ಟೋನು ಒಬ್ಬ ಇರ್ಬೇಕಲ್ಲ? ಅದ್ಯಾರು ಅಂತ ಹಾಡು!"

ಜನ ಗೊಳ್ಳೆಂದು ನಕ್ಕರು. ಶ್ರೀನಿವಾಸಪ್ಪ ಹುರುಪಿನಿಂದ ಶ್ರುತಿ ಹಿಡಿದ. ಅವಳು ಕೇಳಿದ್ದು ವಾಲ್ಡ್‌ನರ್‌ನನ್ನು. ಇನ್ನೊಮ್ಮೆ ಹಾಡಿಬಿಟ್ಟರೆ ಈ ಜನ್ಮಕ್ಕೆ ಯಾರೂ ಕೇಳುವುದಿಲ್ಲ. ಚಂದ್ರಶೇಖರ ಬಾಯಿ ತೆರೆದ. ಪಲ್ಲವಿ ಬರಲಿಲ್ಲ. ಟೋಪಿ ತೆಗೆದ.

"ನಾನೇ ಬರೆದಿದ್ದು ಮುನಿಯಲ್ಲಮ್ಮ. ನಿಮ್ಮ ಯಜಮಾನ್ರ ಹೆಸರು. ಒಂದು ಕಮ್ಮಿ ಬಿದ್ದಿತ್ತು, ಬರೆದುಬಿಟ್ಟೆ."

"ಲೇ, ಅದು ನಾಟಕದಲ್ಲಿಲ್ಲ ಕಣೋ!" ಎಂದು ಮೇಷ್ಟ್ರು ಪಿಸುಗುಟ್ಟಿದರು. ಹಾರ್ಮೋನಿಯಂ ನಿಂತುಹೋಯಿತು.

ಮುನಿಯಲ್ಲಮ್ಮ ಜನರ ನಡುವೆ ದಾರಿ ಮಾಡಿಕೊಂಡು ವೇದಿಕೆ ಹತ್ತಿದಳು. ಹೊಡೆಯುತ್ತಾಳೆಂದು ಚಂದ್ರಶೇಖರ ಕಣ್ಣು ಮುಚ್ಚಿದ. ಅವಳು ಹೊಡೆಯಲಿಲ್ಲ, ಸಾಕ್ಷಿಯ ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕುಳಿತಳು. ಗಾಬರಿಯಲ್ಲಿ ಮೇಷ್ಟ್ರು ಶಿಕ್ಷೆ ಓದತೊಡಗಿದರು.

"ತಡೀರಿ ಮೇಷ್ಟ್ರೇ," ಎಂದಳು. "ಶಿಕ್ಷೆ ಆಮೇಲೆ ಓದ್ರಿ. ನಾನು ಹೇಳೋದೈತೆ. ಇವ್ನು ಕೇಳ್ಲಿ."