ಕೋಚ್‌ಗೆ ಹೇಳದ ಪಾದಯಾತ್ರೆ

ಸಿಂಗಟಗೆರೆಯ ಶಾಂಭವಿ ರಾಜ್ಯ ಮಹಿಳಾ ಕಬಡ್ಡಿ ತಂಡದ ರೈಡರ್. ಶಿಬಿರದಲ್ಲಿದ್ದಾಗ ಡೆಂಗಿ ಜ್ವರ ಹಿಡಿದು ಊರಿಗೆ ಬಂದವಳು ಬಹಳ ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಅಜ್ಜಿ ತೀರ್ಥಮ್ಮ ಘಟ್ಟದ ಕೆಳಗಿನ ಸ್ವಾಮಿಗೆ ದೀಪ ಹಚ್ಚಿ, "ಮಗು ಎದ್ದು ಓಡಾಡಂಗಾದ್ರೆ ನಿನ್ನ ಸನ್ನಿಧಿಗೆ ಕಾಲ್ನಡಿಗೇಲೇ ಕಳಿಸ್ತೀನಿ ತಂದೆ" ಎಂದು ಹರಕೆ ಹೊತ್ತರು. ಜ್ವರ ಇಳಿಯಿತು.

ನೋಡಿ ಹೋಗಲು ತರೀಕೆರೆಯಿಂದ ಕೋಮಲಾ ಬಂದಳು. ಹಿಂದೆ ಶಾಂಭವಿಯ ಜೊತೆ ಆಡಿದವಳು, ಈಗ ಫಿಸಿಯೋಥೆರಪಿಸ್ಟ್. ಶಾಂಭವಿಯ ಅಪ್ಪ ಓಂಕಾರೇಶ್ ಜಗುಲಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು.

"ಮುಂದಿನ ವಾರ ಶಿಬಿರಕ್ಕೆ ಹೋಗ್ಬೇಕಂತೆ. ಅದಕ್ಕೆ ಮೊದ್ಲು ಪಾದಯಾತ್ರೆ ಮುಗಿಸ್ಲಿ ಅಂತ," ಎಂದರು ತೀರ್ಥಮ್ಮ.

"ಬೇಡ ಅಜ್ಜಿ. ಘಟ್ಟ ಇಳಿಯೋ ದಾರಿ ಅದು. ಇವ್ಳು ಈಗಿನ್ನೂ ಎದ್ದವ್ಳೆ."

ಓಂಕಾರೇಶ್ ನಕ್ಕರು. "ಡಾಕ್ಟ್ರು ಈ ವಾರ ಆಡ್ಬೇಡ ಅಂದ್ರು. ನಡೀಬೇಡ ಅಂದ್ರಾ? ನಮ್ಮೂರ ಮುದುಕೀರೇ ನಡ್ಕೊಂಡು ಹೋಗಿ ಬತ್ತಾರೆ ಕಣಮ್ಮ."

"ಮುದುಕೀರು ಬಂದು ಕಾಲು ಚಾಚ್ಕೊಂಡು ಮಲಗ್ತಾರೆ ಅಪ್ಪಾಜಿ. ಇವ್ಳು ಬಂದವ್ಳೇ ಏಳು ಜನರ ಮಧ್ಯೆ ನುಗ್ಬೇಕು. ಇದು ದೇವರ ಕೆಲ್ಸ, ಇದು ಆಟ ಅಂತ ಮೈಗೆ ಗೊತ್ತಾಗಲ್ಲ. ಎಲ್ಲಾ ಹೊರೆನೇ."

"ಹರಕೆನ ಹೊರೆ ಅಂತೀಯಲ್ಲೇ," ತೀರ್ಥಮ್ಮ ಮುಖ ಗಂಟಿಕ್ಕಿದರು.

"ಹರಕೆ ನಿಮ್ದು, ಕಾಲು ಅವ್ಳದು ಅಜ್ಜಿ. ಟೂರ್ನಮೆಂಟ್ ಮುಗೀಲಿ, ಸ್ವಾಮಿ ಎಲ್ಲಿಗೆ ಹೋಗ್ತಾನೆ? ಸುಮ್ನೆ ಮಲಗೋದೂ ಬೇಡ. ದಿನಾ ಸ್ವಲ್ಪ ನಡೀಲಿ, ಆಮೇಲೆ ಓಡ್ಲಿ, ಮೈ ಒಪ್ಪಿದ್ಮೇಲೆ ಅಂಕಣಕ್ಕೆ ಇಳೀಲಿ."

ಶಾಂಭವಿ ಅಜ್ಜಿಯ ಮುಖ ನೋಡಿದಳು. "ನಡೀತೀನಿ ಬಿಡೇ," ಎಂದಳು.

ನಡೆದಳು. ಘಟ್ಟದ ಇಳಿಜಾರಿನಲ್ಲಿ ಮಂಡಿ ಹಿಡಿದುಕೊಂಡಿತು, ಅಂಗಾಲಲ್ಲಿ ಬೊಬ್ಬೆಗಳೆದ್ದವು. ದೇವರ ಮುಂದೆ ನಿಂತಾಗ ಅವಳ ಮನಸ್ಸು ಹಗುರವಾಗಿತ್ತು, ಅದು ಸುಳ್ಳಲ್ಲ. ಕಾಲು ಮಾತ್ರ ಹಗುರವಾಗಲಿಲ್ಲ.

ಶಿಬಿರದಲ್ಲಿ ಕೋಚ್ ದಿನಾ ಬೆಳಿಗ್ಗೆ ಆಟಗಾರ್ತಿಯರನ್ನು ವಿಚಾರಿಸುತ್ತಾರೆ. ನಿದ್ದೆ ಬಂತೇ, ನಿನ್ನೆಯ ದಣಿವು ಹೋಯಿತೇ, ಎಲ್ಲಾದರೂ ನೋವಿದೆಯೇ ಎಂದು. ಆ ಉತ್ತರ ನೋಡಿಯೇ ಅವತ್ತಿನ ಅಭ್ಯಾಸ ಹೆಚ್ಚು ಕಡಿಮೆ ಮಾಡುತ್ತಾರೆ.

"ಊರಲ್ಲಿ ಏನ್ ಮಾಡ್ದೆ ಶಾಂಭವಿ?"

"ರೆಸ್ಟ್ ಮೇಡಂ."

"ಎಲ್ಲಾದ್ರೂ ನೋವು?"

"ಇಲ್ಲ ಮೇಡಂ."

ಕೋಚ್ ನಂಬಿದರು. ನಿಧಾನವಾಗಿ ಶುರುಮಾಡು ಎಂದೇ ಹೇಳಿದರು. ಆದರೆ ತಪ್ಪಿಹೋದ ಅಭ್ಯಾಸವನ್ನೆಲ್ಲ ತುಂಬಿಕೊಳ್ಳಬೇಕೆಂದು, ಉಳಿದವರು ಹೋದ ಮೇಲೂ ಶಾಂಭವಿ ಒಬ್ಬಳೇ ಓಡಿದಳು.

ಒಂದು ಸಂಜೆ ರೈಡ್ ಮಾಡಿ ಗಕ್ಕನೆ ತಿರುಗಿದಳು. ಯಾರೂ ಮುಟ್ಟಿರಲಿಲ್ಲ. ಮಂಡಿಯೊಳಗೆ ಏನೋ ಪಟ್ಟೆಂದಿತು. ಬಿದ್ದವಳಿಗೆ ಏಳಲಾಗಲಿಲ್ಲ.

ಮಂಡಿಯ ಲಿಗಮೆಂಟ್ ಹರಿದಿತ್ತು. ಆಪರೇಷನ್ ಆಯಿತು. ತಂಡ ಅವಳನ್ನು ಬಿಟ್ಟು ಟೂರ್ನಮೆಂಟ್‌ಗೆ ಹೊರಟಿತು. ಮೊದಲಿನಂತೆ ಆಡುತ್ತಾಳೆಂದು ಡಾಕ್ಟರು ಭರವಸೆ ಕೊಟ್ಟಿಲ್ಲ.

ಕೋಮಲಾ ಮತ್ತೆ ಬಂದ ದಿನ ತೀರ್ಥಮ್ಮ ಅವಳ ಕೈ ಹಿಡಿದುಕೊಂಡರು. "ಆ ಕಾಲು ನಾನೇ ಮುರಿದ್ನೇನೇ ಮಗ?"

"ನಡೆದಿದ್ದಕ್ಕೇ ಹಿಂಗಾಯ್ತು ಅಂತ ಯಾರೂ ಆಣೆ ಇಟ್ಟು ಹೇಳಕ್ಕಾಗಲ್ಲ ಅಜ್ಜಿ. ಆದ್ರೆ ಸೋತ ಕಾಲ್ಮೇಲೆ ಏಕ್ದಂ ಹೊರೆ ಬಿದ್ರೆ ಅಪಾಯ ಜಾಸ್ತಿ. ಇವ್ಳು ಕೋಚ್‌ಗೆ ಹೇಳಿದ್ರೆ ಅವ್ರು ಅಭ್ಯಾಸ ಕಮ್ಮಿ ಮಾಡ್ತಿದ್ರು."

ತೀರ್ಥಮ್ಮ ಮೊಮ್ಮಗಳ ಕಡೆ ತಿರುಗಿದರು. "ಯಾಕೆ ಹೇಳ್ಲಿಲ್ವೇ?"

"ಹೇಳಿದ್ರೆ ಕೂರಿಸ್ತಿದ್ರು ಅಜ್ಜಿ."

"ಕೂರಿಸಿದ್ರೆ ಏನ್ ಹೋಗ್ತಿತ್ತು?"

"ಒಂದೆರಡು ಪಂದ್ಯ."

ಓಂಕಾರೇಶ್ ಎದ್ದು ಕೋಚ್‌ಗೆ ಫೋನ್ ಮಾಡಿದರು. "ಮೇಡಂ, ನಾನು ಶಾಂಭವಿ ತಂದೆ. ಅವ್ಳು ರೆಸ್ಟ್ ಮಾಡಿರ್ಲಿಲ್ಲ. ಪಾದಯಾತ್ರೆಗೆ ನಾವೇ ಕಳಿಸಿದ್ವಿ. ಇನ್ಮೇಲೆ ಮಕ್ಳನ್ನಷ್ಟೇ ಕೇಳ್ಬೇಡಿ, ಮನೆಯೋರ್ನೂ ಕೇಳಿ."

ಕಡೂರು, ತರೀಕೆರೆ, ಅಜ್ಜಂಪುರದ ತಾಯಿ ತಂದೆಯರೇ, ನಿಮ್ಮ ಮನೆಯಲ್ಲೂ ಆಡುವ ಮಕ್ಕಳಿರಬಹುದು. ಜ್ವರ ಬಿಟ್ಟ ಮೈಗೆ, ರಜೆ ಮುಗಿಸಿದ ಮೈಗೆ ಒಂದೇ ಸಲ ಪೂರ್ತಿ ಅಭ್ಯಾಸ ಹೇರಬೇಡಿ. ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವೇ ಏರಿಸಿ. ಗದ್ದೆ ಕೆಲಸವಿರಲಿ, ಹರಕೆ ಇರಲಿ, ಮೈ ದಣಿಸಿದ್ದನ್ನೆಲ್ಲ ಕೋಚ್‌ಗೆ ತಿಳಿಸಿ. ಹರಕೆಗೆ ಭಗವಂತ ಕಾಯುತ್ತಾನೆ, ಅವಸರಪಡಿಸುವವರು ನಾವು. ಆಡುವ ಮಕ್ಕಳೇ, ನೋವಿದ್ದರೆ ಇವತ್ತೇ ಬಾಯಿಬಿಟ್ಟು ಹೇಳಿ. ಶಾಂಭವಿ ಹೇಳಬೇಕಿದ್ದ ದಿನ ದಾಟಿಹೋಗಿದೆ.